ಬಿಡುವಿಗೂ ಕೂಲಿ: ನಮ್ಮ ಗೇರುಬೀಜ ಕಾರ್ಖಾನೆಯ ಲೆಕ್ಕ

ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ಕಾರ್ಖಾನೆಯಲ್ಲಿ ಹೆಂಗಸರ ಆರೋಗ್ಯಕ್ಕೆಂದು ಮಾಲಿಕ ಏನೇ ಕಟ್ಟಿಸಿಕೊಟ್ಟರೂ, ಅದನ್ನು ಬಳಸುವ ಹೊತ್ತಿಗೆ ಕೂಲಿ ಸಿಗದಿದ್ದರೆ ಅದು ಬಳಕೆಯಾಗುವುದಿಲ್ಲ. ಈ ಮಾತನ್ನು ಕೆಲವು ವರ್ಷಗಳ ಹಿಂದೆ ಮಾಲಿಕರ ಸಭೆಯಲ್ಲಿ ಆಡಿದಾಗ ನಕ್ಕವರೇ ಹೆಚ್ಚು. ಬಿಡುವಿಗೂ ಕೂಲಿ ಕೊಡುವವನು ಮುಂದಿನ ದೀಪಾವಳಿಯೊಳಗೆ ಬಾಗಿಲು ಹಾಕುತ್ತಾನೆ ಎಂದು ಒಬ್ಬ ಹಿರಿಯರು ಭವಿಷ್ಯವನ್ನೂ ನುಡಿದಿದ್ದರು. ಅದಾದ ಮೇಲೆ ಹಲವು ದೀಪಾವಳಿಗಳು ಕಳೆದಿವೆ, ಬೀಜ ಒಣಗಿಸುವ ನಮ್ಮ ಬೋರ್ಮಾ ಒಲೆ ಆರಿಲ್ಲ. ಹಾಗಾಗಿ ಈಗ ಧೈರ್ಯದಿಂದ ಬರೆಯಬಹುದು ಎನಿಸಿದೆ.

ನಮ್ಮದು ಕಾರ್ಕಳದ ಕಡೆಯ ಮಧ್ಯಮ ಗಾತ್ರದ ಕಾರ್ಖಾನೆ. ಹೆಂಗಸರು ಸುಮಾರು ನೂರ ನಲವತ್ತು ಮಂದಿ, ದಿನಕ್ಕೆ ಮೂರೂವರೆ ನಾಲ್ಕು ಟನ್ ಬೀಜ. ಬೀಜದ ಸಿಪ್ಪೆ ಕತ್ತರಿಸುವ ಕಟ್ಟಿಂಗ್ ಮೆಷಿನ್‌ಗಳು ಬಂದಿದ್ದರೂ ಮೆಷಿನ್‌ನಿಂದ ತಪ್ಪಿ ಬಂದ ಬೀಜಕ್ಕೆ ಮತ್ತು ದೊಡ್ಡ ಗಾತ್ರದ ಬೀಜಕ್ಕೆ ಕೈಕಾಲಿನಿಂದ ನಡೆಸುವ ಕಟ್ಟಿಂಗ್ ಮೇಜುಗಳನ್ನು ಇಟ್ಟುಕೊಂಡಿದ್ದೇವೆ. ಪೀಲಿಂಗ್ (ಬೀಜದ ಮೇಲಿನ ತೆಳು ಹೊಟ್ಟು ತೆಗೆಯುವುದು), ಗ್ರೇಡಿಂಗ್ (ದರ್ಜೆ ನೋಡಿ ವಿಂಗಡಿಸುವುದು) ಇವುಗಳಲ್ಲಿ ಕೈಯ ಕೆಲಸ ಎಷ್ಟು ಉಳಿದಿದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತಿರುವುದೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ವೈದ್ಯಕೀಯ ಶಿಬಿರ. ಮಂಗಳೂರಿನಿಂದ ವೈದ್ಯರನ್ನು ಕರೆಸಿ ಶಾಮಿಯಾನ ಹಾಕಿಸಿ, ಊಟದ ಖರ್ಚೂ ಸೇರಿ ಇಪ್ಪತ್ತು ಸಾವಿರದಷ್ಟು ಕೈಬಿಟ್ಟಿತು. ತಪಾಸಣೆಗೆ ಎದ್ದು ಬಂದವರು ಕಾಲುಭಾಗವೂ ಇಲ್ಲ, ಬಂದವರಲ್ಲಿ ಹೆಚ್ಚಿನವರು ದಿನಗೂಲಿಯ ಗಂಡಸರು. ಪೀಲಿಂಗ್‌ನ ಹೆಂಗಸೊಬ್ಬಳು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಆ ದಿನ ಒಂದು ಕೆಜಿಯಷ್ಟು ಬೀಜ ಕಡಿಮೆಯಾಗುತ್ತದೆ. "ಸೊಂಟನೋವು ನಾಳೆಯೂ ಇರುತ್ತದೆ ಧಣಿಗಳೇ, ಇವತ್ತಿನ ಕೆಜಿ ನಾಳೆ ಬರುವುದಿಲ್ಲ" ಎಂದು ಹಳೆಯ ಕೆಲಸದವಳೊಬ್ಬಳು ತಲೆಯೆತ್ತದೆಯೇ ಹೇಳಿದಳು. ನಮ್ಮ ಕಾರ್ಖಾನೆಯ ರೋಗಕ್ಕೆ ಇದಕ್ಕಿಂತ ಸರಿಯಾದ ನಿದಾನವನ್ನು ಆ ವೈದ್ಯರೂ ಬರೆದುಕೊಡಲಿಲ್ಲ.

ಶೌಚಾಲಯದ್ದೂ ಇದೇ ಕಥೆ. ನಿಯಮ ಕೇಳುವಷ್ಟು ಸಂಖ್ಯೆಯಲ್ಲಿ ಇದ್ದವು, ಇನ್‌ಸ್ಪೆಕ್ಟರರ ಪುಸ್ತಕದಲ್ಲಿ ಎಲ್ಲವೂ ಸರಿ. ಆದರೆ ಅವುಗಳ ಬಾಗಿಲು ಲಾರಿ ನಿಲ್ಲುವ ಅಂಗಳಕ್ಕೆ ಮುಖಮಾಡಿತ್ತು, ಅಲ್ಲಿ ಲೋಡಿಂಗ್‌ನವರು ಸದಾ ಕುಳಿತಿರುತ್ತಿದ್ದರು, ಹೋಗಿಬರಲು ಹತ್ತು ನಿಮಿಷ ಹಿಡಿಯುತ್ತಿತ್ತು. ಆದ್ದರಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ, ಬೋರ್ಮಾದ ಬಿಸಿಯ ಪಕ್ಕದಲ್ಲಿ, ಬೆಳಗ್ಗೆ ಎಂಟರಿಂದ ಸಂಜೆಯ ತನಕ ಒಂದು ಲೋಟ ನೀರಿನಲ್ಲಿ ದಿನ ಕಳೆಯುತ್ತಿದ್ದವರಿಗೆ ಉರಿಮೂತ್ರ, ತಲೆಸುತ್ತು ಬರುವುದರಲ್ಲಿ ಆಶ್ಚರ್ಯವೇನಿದೆ? ಬಾಗಿಲನ್ನು ಹಿಂದಿನ ತೆಂಗಿನ ತೋಟದ ಕಡೆಗೆ ತಿರುಗಿಸಿ ನಡುವೆ ಗೋಡೆ ಎಬ್ಬಿಸಲು ಅರವತ್ತು ಸಾವಿರದ ಹತ್ತಿರ ಖರ್ಚಾಯಿತು. ಬಳಕೆ ಸ್ವಲ್ಪ ಹೆಚ್ಚಿತು, ಆದರೆ ನೀರಿನ ಕೊಡ ಮಾತ್ರ ಮಧ್ಯಾಹ್ನದವರೆಗೂ ಅರ್ಧ ತುಂಬಿಯೇ ಇರುತ್ತಿತ್ತು.

ಆಗ ಬಿಡುವಿಗೆ ಕೂಲಿ ಕೊಡುವ ಯೋಚನೆ ಬಂತು. ಬೇಕಾದಾಗ ಎದ್ದುಹೋಗಿ, ದಿನಕ್ಕೆ ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿ ಸೇರಿಸುತ್ತೇವೆ ಎಂದು ಹಾಜರಿ, ಕೂಲಿಯ ಲೆಕ್ಕ ಬರೆಯುವ ರೈಟರ್ ಮೂಲಕ ಹೇಳಿಸಿದೆವು. ಇಪ್ಪತ್ತು ರೂಪಾಯಿಯನ್ನು ಎಲ್ಲರೂ ಪಡೆದರು, ಯಾರೂ ಏಳಲಿಲ್ಲ. ಬಿಡುವಿನ ಹಣವೂ ಬಂತು, ಬಿಡುವಿನ ಕೆಜಿಯೂ ಬಂತು. ಅವರ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸರಿ. ಒಂದು ತಿಂಗಳಿನ ಹಣ ಹೀಗೆ ಹೋಯಿತು, ಸಭೆಯ ಹಿರಿಯರಿಗೆ ಸುದ್ದಿಯೂ ಮುಟ್ಟಿತು.

ನಿಜವಾಗಿ ಕೆಲಸ ಮಾಡಿದ್ದು ಮುಂದಿನ ವಿಧಾನ. ಬೆಳಗ್ಗೆ ಹತ್ತೂವರೆಗೆ, ಮಧ್ಯಾಹ್ನ ಮೂರೂವರೆಗೆ ತಲಾ ಹದಿನೈದು ನಿಮಿಷ ಇಡೀ ಶೆಡ್ಡಿನ ಮೇಜಿನ ದೀಪಗಳನ್ನೂ ಮೆಷಿನ್‌ಗಳನ್ನೂ ನಿಲ್ಲಿಸುತ್ತೇವೆ. ದೀಪವಿಲ್ಲದೆ ಬಿಳಿ ಬೀಜದ ಮೇಲಿನ ಹೊಟ್ಟು ಕಾಣುವುದಿಲ್ಲ, ಕೆಲಸ ಮಾಡಲು ಮನಸ್ಸಿದ್ದರೂ ಆಗುವುದಿಲ್ಲ. ಕೂಲಿಯನ್ನು ಎಲ್ಲರಿಗೂ ಒಂದೇ ಮೊತ್ತವಾಗಿ ಕೊಡದೆ, ಪ್ರತಿಯೊಬ್ಬಳ ಹಿಂದಿನ ತಿಂಗಳ ಸರಾಸರಿ ಗಂಟೆಯ ಗಳಿಕೆಯ ಅರ್ಧವನ್ನು ದಿನಕ್ಕೆ ಸೇರಿಸುತ್ತೇವೆ. ಇದರಿಂದ ಕೈ ಚುರುಕಿನವಳಿಗೆ ನಷ್ಟವಿಲ್ಲ. ಮೊದಲ ವಿಧಾನಕ್ಕೆ ಹೆಚ್ಚು ವಿರೋಧ ಬಂದದ್ದೇ ಚುರುಕಿನವರಿಂದ, ಶೆಡ್ಡಿನಲ್ಲಿ ಉಳಿದವರು ನಡೆಯುವುದು ಅವರ ಮಾತಿನಂತೆ ಎಂಬುದನ್ನು ಮರೆಯಬಾರದು.

ಹಣದ ಮಾತಿಗೆ ಬರುತ್ತೇನೆ. ಎಂಟು ಗಂಟೆಯಲ್ಲಿ ಅರ್ಧ ಗಂಟೆಯೆಂದರೆ ನೂರಕ್ಕೆ ಆರು ಪಾಲಿಗಿಂತ ತುಸು ಹೆಚ್ಚು. ನಮ್ಮಲ್ಲಿ ಅದು ತಿಂಗಳಿಗೆ ತೊಂಬತ್ತು ಸಾವಿರದ ಆಸುಪಾಸು. ಮೊದಲ ತಿಂಗಳು ಉತ್ಪಾದನೆ ಇಳಿಯಿತು, ನನ್ನ ತಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದ. ಎರಡನೆಯ ತಿಂಗಳ ಕೊನೆಗೆ ಕೆಜಿ ಮೊದಲಿನ ಮಟ್ಟಕ್ಕೆ ಬಂತು. ಆದರೆ ಲಾಭ ಬಂದದ್ದು ಕೆಜಿಯಲ್ಲಿ ಅಲ್ಲ, ಇಡೀ ಬೀಜದಲ್ಲಿ. ಬೀಜ ಹೆಚ್ಚು ತುಂಡಾಗುವುದು ಸಂಜೆಯ ಕೊನೆಯ ಎರಡು ಗಂಟೆಗಳಲ್ಲಿ ಎಂಬುದನ್ನು ನಾನು ಅದಕ್ಕೆ ಮೊದಲೇ ಹೊತ್ತಿನ ಪ್ರಕಾರ ತಟ್ಟೆ ಬೇರೆಮಾಡಿಸಿ ತೂಗಿಸಿ ತಿಳಿದುಕೊಂಡಿದ್ದೆ. ಈ ಕಡೆಯಲ್ಲಿ ಹೀಗೆ ತೂಗಿಸಿ ನೋಡಿದವರು ಬೇರೆ ಯಾರೂ ನನ್ನ ಗಮನಕ್ಕೆ ಬಂದಿಲ್ಲ. ದಣಿದ ಹೆಬ್ಬೆರಳು ಹೊಟ್ಟಿನ ಮೇಲೆ ಒತ್ತಡ ಹಾಕುತ್ತದೆ, ಬೀಜ ಎರಡಾಗುತ್ತದೆ. ಬಿಡುವು ಬಂದ ಮೇಲೆ ಒಟ್ಟಿನಲ್ಲಿ ನೂರಕ್ಕೆ ಎರಡರಷ್ಟು ಇಡೀ ಬೀಜ ಹೆಚ್ಚು ಉಳಿಯಿತು. ಇಡೀ ಬೀಜದ ದರ್ಜೆಯಾದ ಡಬ್ಲ್ಯು-320ಕ್ಕೂ ತುಂಡಾದ ಹೋಳಿಗೂ ಕೆಜಿಗೆ ನೂರು ರೂಪಾಯಿಯಷ್ಟು ಅಂತರವಿದ್ದ ದಿನಗಳಲ್ಲಿ ಇದೊಂದರಿಂದಲೇ ಖರ್ಚಿನ ಅರ್ಧ ಹಿಂದಿರುಗಿತು. ಉಳಿದರ್ಧವನ್ನು ಗೈರುಹಾಜರಿ ಇಳಿದದ್ದು ತುಂಬಿತು. ಮೊದಲು ದಿನಕ್ಕೆ ನೂರರಲ್ಲಿ ಹದಿನೆಂಟು ಇಪ್ಪತ್ತು ಮಂದಿ ಬರುತ್ತಿರಲಿಲ್ಲ, ಈಗ ಹತ್ತು ಹನ್ನೊಂದು. ಬೋರ್ಮಾದಿಂದ ತೆಗೆದ ಬೀಜ ಪೀಲಿಂಗ್ ಆಗದೆ ರಾತ್ರಿ ಉಳಿದರೆ ಮಳೆಗಾಲದಲ್ಲಿ ತೇವ ಹೀರಿ ಕೆಡುತ್ತದೆ. ಅದನ್ನು ತಪ್ಪಿಸಲು ಎರಡು ಪಟ್ಟು ಕೂಲಿಯ ಓವರ್‌ಟೈಮ್ ಕೊಡುತ್ತಿದ್ದೆವು, ಅದು ಬಹುಪಾಲು ನಿಂತಿದೆ.

ಕೂಲಿಯ ಪ್ರಶ್ನೆ ಬಗೆಹರಿದ ಮೇಲೆಯೇ ಉಳಿದ ಸೌಲಭ್ಯಗಳು ಒಂದೊಂದಾಗಿ ಹಿಡಿದವು, ಆದರೆ ಯಾವುದೂ ಮೊದಲ ಸಲಕ್ಕೆ ಅಲ್ಲ. ಆಸನವನ್ನೇ ತೆಗೆದುಕೊಳ್ಳಿ. 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಂ ಹೇಳುತ್ತಿದ್ದುದು ನಿಂತು ಕೆಲಸ ಮಾಡುವವರಿಗೆ ಕುಳಿತುಕೊಳ್ಳುವ ಅನುಕೂಲದ ಬಗ್ಗೆ. ನಮ್ಮ ಪೀಲಿಂಗ್‌ನವರು ಹೇಗೂ ನೆಲದ ಮೇಲೆ ಕುಳಿತೇ ಇರುತ್ತಾರೆ, ತೊಂದರೆ ಇರುವುದೇ ಆ ಕೂರುವಿಕೆಯಲ್ಲಿ. ಪ್ಲಾಸ್ಟಿಕ್ ಕುರ್ಚಿ, ಮೇಜು ತರಿಸಿದೆ. ಕಾಲು ನೆಲಕ್ಕೆ ಎಟುಕದೆ ಕುರ್ಚಿಯ ಅಂಚು ತೊಡೆಗೆ ಒತ್ತಿ ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು, ಕೆಲವೇ ವಾರಗಳಲ್ಲಿ ಎಲ್ಲರೂ ನೆಲಕ್ಕೆ ಮರಳಿದರು. ಆಮೇಲೆ ಊರಿನ ಆಚಾರಿಯನ್ನು ಕರೆದು, ಹೆಂಗಸರನ್ನು ಕೂರಿಸಿ ಮೊಣಕೈಯ ಎತ್ತರ ಅಳತೆ ಮಾಡಿಸಿ, ಎರಡು ಎತ್ತರದ ಮೇಜುಗಳನ್ನೂ ಕಾಲಿಡುವ ಹಲಗೆಯನ್ನೂ ಮಾಡಿಸಿದೆ. ಒಂದು ಜಾಗಕ್ಕೆ ಸಾವಿರದ ಐನೂರರಷ್ಟು ಬಿತ್ತು. ವಯಸ್ಸಾದ ಕೆಲವರು ಈಗಲೂ ನೆಲವೇ ಬೇಕೆನ್ನುತ್ತಾರೆ, ಅವರಿಗೆ ದಪ್ಪ ಚಾಪೆಯನ್ನೂ ಒರಗಲು ಹಲಗೆಯನ್ನೂ ಕೊಟ್ಟು ಸುಮ್ಮನಾಗಿದ್ದೇನೆ.

ಪೀಲಿಂಗ್ ಹೊಟ್ಟಿನ ಧೂಳಿಗೆ ಮಾಸ್ಕ್ ಕೊಟ್ಟರೆ ಕರಾವಳಿಯ ಬೆವರಿಗೆ ಅದು ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ. ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಧೂಳು ಹೊರಗೆ ಹೋಗುವ ಮೊದಲು ಎಲ್ಲರ ಮೂಗಿನ ಮುಂದೆ ಮೆರವಣಿಗೆ ಹೋಗುತ್ತದೆ. ಮೇಜಿನ ನಡುವಿಗೆ ತಂತಿಬಲೆ ಹಾಕಿ, ಹೊಟ್ಟು ಕೆಳಕ್ಕೆ ಇಳಿಯುವಂತೆ ಅಡಿಯಿಂದ ಗಾಳಿ ಎಳೆಸಿದ ಮೇಲೆ ಕೆಮ್ಮು ಕಡಿಮೆಯಾಯಿತು. ಬಲೆಯ ಕಣ್ಣು ದೊಡ್ಡದಾದರೆ ಸಣ್ಣ ತುಂಡುಗಳೂ ಹೊಟ್ಟಿನ ಚೀಲ ಸೇರುತ್ತವೆ. ಸರಿಯಾದ ಕಣ್ಣಿನ ಅಳತೆ ನನ್ನ ಬಳಿ ಇದೆ, ಬಂದು ನೋಡುವವರು ನೋಡಬಹುದು.

ಕಟ್ಟಿಂಗ್‌ನ ಕೈಗಳ ವಿಷಯ ಇನ್ನೂ ಕಷ್ಟದ್ದು. ಸಿಪ್ಪೆ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಡುತ್ತವೆ, ಬೆರಳು ಕಪ್ಪಾಗಿ ಸುಲಿಯುತ್ತದೆ. ಮದುವೆ ಮನೆಗೆ ಹೋಗುವಾಗ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುವವರನ್ನು ಕಂಡಿದ್ದೇನೆ. ಬಟ್ಟೆಯ ಕೈಗವಸು ಎಣ್ಣೆಯನ್ನು ಹೀರಿ ಚರ್ಮಕ್ಕೇ ಅಂಟಿಸಿಡುವುದರಿಂದ ಬರಿಗೈಗಿಂತ ಕೆಟ್ಟದ್ದು. ತೆಳು ರಬ್ಬರ್ ಗ್ಲೌಸ್ ಅರ್ಧ ಗಂಟೆಯಲ್ಲಿ ಹರಿಯುತ್ತದೆ, ದಪ್ಪದ್ದರಲ್ಲಿ ಬೀಜ ಕೈಗೆ ಗೊತ್ತಾಗುವುದಿಲ್ಲ. ಮೂರು ಬಗೆಯ ಗ್ಲೌಸ್‌ಗೆ ಹಣ ಸುರಿದ ಮೇಲೆ ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಮಾತ್ರ ರಬ್ಬರ್ ತೊಡಿಸಿ, ಉಳಿದ ಕೈಗೆ ಕೆಲಸಕ್ಕೆ ಮೊದಲು ಎಣ್ಣೆ ಹಚ್ಚಿಸುವಲ್ಲಿಗೆ ನಿಂತೆವು. ಹರಳೆಣ್ಣೆಯ ಜೊತೆ ಅದರಲ್ಲಿ ಇನ್ನೇನು ಸೇರಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೈ ತೊಳೆಯಲು ಸೀಮೆಎಣ್ಣೆ ಇಡುವ ಪದ್ಧತಿಯನ್ನು ನಿಲ್ಲಿಸಿದೆ. ಸಿಪ್ಪೆ ಎಣ್ಣೆ ನೀರಿಗೆ ಬಿಡುವುದಿಲ್ಲವಾದ್ದರಿಂದ ಮೊದಲು ತೆಂಗಿನೆಣ್ಣೆಯಲ್ಲಿ ಉಜ್ಜಿ ಒರೆಸಿ, ಆಮೇಲೆ ಸಾಬೂನು ಹಾಕಬೇಕು, ಅದಕ್ಕೂ ಬಿಡುವಿನ ಹದಿನೈದು ನಿಮಿಷ ಒದಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಖರ್ಚಿಲ್ಲದ ಬದಲಾವಣೆ: ಹಬೆಯಲ್ಲಿ ಬೇಯಿಸಿದ ಬೀಜವನ್ನು ಹನ್ನೆರಡು ಗಂಟೆಯ ಬದಲು ಪೂರ್ತಿ ಒಂದು ದಿನ ಹರಡಿ ಆರಿಸಿದರೆ ಕತ್ತರಿಸುವಾಗ ಎಣ್ಣೆ ಕಡಿಮೆ ಚಿಮ್ಮುತ್ತದೆ. ಅಂಗಳ ದೊಡ್ಡದಿರಬೇಕು ಅಷ್ಟೆ.

ರಕ್ತಹೀನತೆಯ ಬಗ್ಗೆ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಬಿಡುವಿನ ಹೊತ್ತಿಗೇ ಬಂದು ರಕ್ತ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿತ್ತು. ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಸಿಕ್ಕಿತು, ಆದರೆ ತಿಂಗಳುಗಳು ಕಳೆದರೂ ಅಂಕಿ ಏರಲಿಲ್ಲ. ಹತ್ತೂವರೆಯ ಚಹಾದ ಜೊತೆಗೇ ಮಾತ್ರೆ ನುಂಗುತ್ತಿದ್ದರು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಯನ್ನು ಊಟದ ನಂತರಕ್ಕೂ ಚಹಾವನ್ನು ಮೂರೂವರೆಗೂ ಸರಿಸಿ, ಬೆಳಗ್ಗೆ ಗಂಜಿ ಮತ್ತು ಬೇಯಿಸಿದ ಹೆಸರುಕಾಳು ಕೊಡಲು ಆರಂಭಿಸಿದೆವು. ತಲೆಗೆ ಎಂಟೊಂಬತ್ತು ರೂಪಾಯಿ ಬೀಳುತ್ತದೆ. ಮಾತ್ರೆಯ ಜೊತೆ ಸಿ ಜೀವಸತ್ವ ಒಳ್ಳೆಯದೆಂದು ಕೇಳಿ, ನಮ್ಮದೇ ಗೇರುಹಣ್ಣಿನ ರಸ ಕೊಡುವ ಹುಚ್ಚೂ ಹತ್ತಿತ್ತು. ಅದರಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಇದೆ, ಸುತ್ತಲಿನ ತೋಟಗಳಲ್ಲಿ ಹಣ್ಣು ಕೊಳೆತು ಹೋಗುತ್ತದೆ. ಗಂಟಲು ಕೆರೆಯುವುದನ್ನು ಗಂಜಿತಿಳಿ ಬೆರೆಸಿ ಸೋಸಿ ಮಟ್ಟಹಾಕಿದೆ, ಹುಳಿಯೇರುವುದನ್ನು ತಡೆಯಲಾಗಲಿಲ್ಲ. ಬೆಳಗ್ಗೆ ಹಿಂಡಿದ್ದು ಮಧ್ಯಾಹ್ನಕ್ಕೆ ನೊರೆ ಬಿಡುತ್ತಿತ್ತು, ಲೋಡಿಂಗ್‌ನವರಿಗೆ ಮಾತ್ರ ಅದರ ಮೇಲೆ ವಿಶೇಷ ಆಸಕ್ತಿ ಹುಟ್ಟಿತು. ಈಗ ನಿಂಬೆಹಣ್ಣಿನ ಶರಬತ್ತೇ ಸಾಕೆಂದು ಬಿಟ್ಟಿದ್ದೇನೆ.

ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐಯಲ್ಲಿ ಒಂದು ಸಣ್ಣ ಕೆಲಸ ನಮ್ಮ ಮೇಲೆ ಹೆಂಗಸರಿಗೆ ನಂಬಿಕೆ ತಂದಿತು. ಕೂಲಿಯ ನೂರಕ್ಕೆ ಮಾಲಿಕನ ಪಾಲು 3.25, ಕೆಲಸಗಾರರ ಪಾಲು 0.75 ಎಂದು ಎಲ್ಲರೂ ಕಟ್ಟುತ್ತೇವೆ. ಆದರೆ ಕಾಯಿಲೆಯ ರಜೆಗೆ ಕೂಲಿಯ ನೂರಕ್ಕೆ ಎಪ್ಪತ್ತು ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಬಿದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲೇ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಕಾಲವೂ ಬರುವುದರಿಂದ ಕೆಲವರು ಐದಾರು ದಿನ ಕಡಿಮೆಬಿದ್ದು ಆ ಸೌಲಭ್ಯವನ್ನು ಕಳೆದುಕೊಳ್ಳುತ್ತಿದ್ದರು, ಗೊತ್ತಾಗುತ್ತಿದ್ದುದು ಜ್ವರ ಬಂದು ಅರ್ಜಿ ತಿರಸ್ಕೃತವಾದ ಮೇಲೆ. ಈಗ ಆಗಸ್ಟ್ ಕೊನೆಗೆ ರೈಟರ್ ಹಾಜರಿ ಪುಸ್ತಕ ಹಿಡಿದು, ಇಂಥವರಿಗೆ ಇನ್ನೆಷ್ಟು ದಿನ ಬೇಕು ಎಂದು ಒಬ್ಬೊಬ್ಬರಿಗೇ ಹೇಳುತ್ತಾರೆ. ಇದಕ್ಕೆ ತಗಲುವ ಖರ್ಚು ರೈಟರ್‌ನ ಒಂದು ಮಧ್ಯಾಹ್ನ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ, ಮೇಜು, ಬಲೆ, ಗೋಡೆ ಸೇರಿ ಒಂದು ಸಲದ ಖರ್ಚು ನಾಲ್ಕು ಲಕ್ಷದ ಒಳಗೆ. ಬಿಡುವಿನ ಕೂಲಿ, ಗಂಜಿ, ಎಣ್ಣೆ ಸೇರಿ ತಿಂಗಳಿಗೆ ಒಂದೂಕಾಲು ಲಕ್ಷದ ಹತ್ತಿರ. ಹಿಂದಿರುಗಿ ಬರುವುದು ಅದಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತಿದೆ, ಹೋಳಿನ ಬೆಲೆ ಏರಿದ ತಿಂಗಳು ಮಾತ್ರ ಸರಿಸಮವಾಗುತ್ತದೆ. ಇನ್ನು ಉಳಿದಿರುವುದು ಬಾಯ್ಲರ್ ಮನೆಯ ಸೆಖೆ ಮತ್ತು ಕಟ್ಟಿಂಗ್ ಮೆಷಿನ್‌ಗಳ ಸದ್ದು. ಮೆಷಿನ್‌ಗಳ ಅಡಿಗೆ ಹಳೆಯ ಲಾರಿ ಟೈರಿನ ತುಂಡು ಹಾಕಿ ನೋಡುತ್ತಿದ್ದೇನೆ. ಸದ್ದು ತುಸು ತಗ್ಗಿದೆ, ಆದರೆ ಮೆಷಿನ್ ಅಲುಗಿ ಬ್ಲೇಡಿನ ಅಂತರ ಎರಡು ದಿನಕ್ಕೊಮ್ಮೆ ತಪ್ಪುತ್ತಿದೆ. ಯಾರಾದರೂ ಇದಕ್ಕೆ ದಾರಿ ಕಂಡಿದ್ದರೆ ನನ್ನ ಎಣ್ಣೆಯ ಗುಟ್ಟಿಗೆ ಬದಲಾಯಿಸಿಕೊಳ್ಳಲು ಸಿದ್ಧನಿದ್ದೇನೆ.