ಹೊಳೆಯ ಕೆಲಸಕ್ಕೊಂದು ಗಟ್ಟಿ ಕೈಗಡಿಯಾರ: ನನ್ನ ಅನುಭವ

ನಾನು ಕಳೆದುಕೊಂಡ ಮೊದಲ ಕೈಗಡಿಯಾರ ಕೆಟ್ಟಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅಳತೆಯ ಹಗ್ಗವನ್ನು ಬಿಗಿಯುತ್ತಿದ್ದಾಗ ಹಗ್ಗ ಅದರ ಅಂಚಿಗೆ ಸಿಕ್ಕಿಕೊಂಡಿತು. ಪಟ್ಟಿಯನ್ನು ಹಿಡಿದಿಟ್ಟಿದ್ದ ಸಣ್ಣ ಕಂಬಿ ಚಿಮ್ಮಿಹೋಗಿ, ಸರಿಯಾದ ಸಮಯ ತೋರಿಸುತ್ತಲೇ ಗಡಿಯಾರ ಮಡುವಿನೊಳಗೆ ಮುಳುಗಿತು. ಅದರ ಕವಚ ಎಷ್ಟು ಗಟ್ಟಿ, ಎಷ್ಟು ಮೀಟರ್ ಆಳದ ಒತ್ತಡ ತಡೆಯುತ್ತದೆ ಎಂದೆಲ್ಲ ವಿಚಾರಿಸಿ ಕೊಂಡಿದ್ದೆನಾದರೂ ಒಂದೂವರೆ ಮಿಲಿಮೀಟರ್ ದಪ್ಪದ ಆ ಕಂಬಿಯ ಬಗ್ಗೆ ಯಾರನ್ನೂ ಕೇಳಿರಲಿಲ್ಲ. ಆಮೇಲೆ ಇನ್ನೂ ಎರಡು ಗಡಿಯಾರಗಳು ಬೇರೆ ಬೇರೆ ಕಾರಣಕ್ಕೆ ಕೈಕೊಟ್ಟವು. ನಾಲ್ಕನೆಯದನ್ನು ಆರಿಸುವಾಗ ಮಾತ್ರ, ಹಿಂದಿನವು ನಿಖರವಾಗಿ ಎಲ್ಲಿ ಸೋತವು ಎಂಬುದನ್ನು ಬರೆದಿಟ್ಟುಕೊಂಡು ಅಲ್ಲಿಂದ ಶುರುಮಾಡಿದೆ.

ನನ್ನ ಕೆಲಸ ಹಳ್ಳ, ಹೊಳೆಗಳ ಹರಿವನ್ನು ಅಳೆಯುವುದು. ದೊಡ್ಡ ಉಪಕರಣ ಒಯ್ಯಲಾಗದ ಕಡೆ ಇಂದಿಗೂ ಹಳೆಯ ತೇಲು ವಿಧಾನವನ್ನೇ ಬಳಸುತ್ತೇವೆ: ದಡದಲ್ಲಿ 20 ಮೀಟರ್ ಅಂತರಕ್ಕೆ ಎರಡು ಗೂಟ ನೆಟ್ಟು, ಮೇಲ್ಗಡೆಯಿಂದ ತೇಲುವ ವಸ್ತುವೊಂದನ್ನು ಬಿಟ್ಟು, ಅದು ಮೊದಲ ಗೂಟದಿಂದ ಎರಡನೆಯದಕ್ಕೆ ಸಾಗುವ ಸೆಕೆಂಡುಗಳನ್ನು ಎಣಿಸುತ್ತೇವೆ. ಹೀಗೆ ಸಿಗುವುದು ಮೇಲ್ಮೈಯ ವೇಗವಾದ್ದರಿಂದ, ಅದನ್ನು ಸಾಮಾನ್ಯವಾಗಿ 0.85ರಿಂದ ಗುಣಿಸಿ ಸರಾಸರಿ ವೇಗವನ್ನು ಅಂದಾಜು ಮಾಡುತ್ತೇವೆ. 20 ಸೆಕೆಂಡಿನ ಓಟದಲ್ಲಿ ಒಂದು ಸೆಕೆಂಡು ತಪ್ಪಿದರೂ ಲೆಕ್ಕಕ್ಕೆ ಶೇ 5ರ ದೋಷ ಸೇರುತ್ತದೆ. ಮೊಬೈಲ್ ಇರುವಾಗ ಗಡಿಯಾರವೇಕೆ ಎಂದು ಕೇಳುವವರಿದ್ದಾರೆ. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯ ಒದ್ದೆ ಬೆರಳಿನಿಂದ ಆ ಪರದೆಯನ್ನು ಒಮ್ಮೆ ತೀಡಿ ನೋಡಿದವರು ಮತ್ತೆ ಕೇಳುವುದಿಲ್ಲ.

ಕಂಬಿಗೆ, ಅಂದರೆ ಸ್ಪ್ರಿಂಗ್ ಬಾರ್‌ಗೆ, ಪರಿಹಾರ ಬಹಳ ಹಿಂದೆಯೇ ಸಿಕ್ಕಿತ್ತು. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ನಿರ್ದಿಷ್ಟಪಡಿಸಿದ, ಈಗ ಎಲ್ಲರೂ ನ್ಯಾಟೋ ಪಟ್ಟಿ ಎಂದು ಕರೆಯುವ ನೈಲಾನ್ ಪಟ್ಟಿ ಒಂದೇ ಉದ್ದ ತುಂಡಾಗಿರುತ್ತದೆ. ಅದು ಎರಡೂ ಕಂಬಿಗಳ ಕೆಳಗೆ ತೂರಿ ಹೋಗುವುದರಿಂದ ಒಂದು ಕಂಬಿ ಕಿತ್ತುಬಂದರೂ ಗಡಿಯಾರ ಇನ್ನೊಂದರಲ್ಲಿ ತೂಗಾಡುತ್ತ ಕೈಯಲ್ಲೇ ಉಳಿಯುತ್ತದೆ. ಒದ್ದೆಯಾದರೆ ಒಣಗಲು ಹೊತ್ತು ಹಿಡಿಯುತ್ತದೆ, ತೊಳೆಯದೆ ಬಿಟ್ಟರೆ ನಾರುತ್ತದೆ. ಈ ಎರಡನ್ನೂ ನಾನು ಒಪ್ಪಿಕೊಂಡಿದ್ದೇನೆ. ಚರ್ಮದ ಪಟ್ಟಿ ನೀರಿನ ಕೆಲಸಕ್ಕೆ ಆಗಿಬರುವುದಿಲ್ಲ. ಅಚ್ಚು ಹಾಕಿದ ಪಾಲಿಯುರಿಥೇನ್ ಪಟ್ಟಿಗಳು ಹೊಸದರಲ್ಲಿ ಚೆನ್ನಾಗಿರುತ್ತವೆ; ಆದರೆ ತೇವಾಂಶದಿಂದ ಆ ವಸ್ತುವಿನ ಕಟ್ಟು ನಿಧಾನವಾಗಿ ಸಡಿಲವಾಗಿ, ಕೆಲವು ವರ್ಷಗಳ ನಂತರ ತೂತುಗಳ ಸುತ್ತ ಬಿರುಕು ಕಾಣಿಸಿಕೊಳ್ಳುತ್ತದೆ. ಸೊಳ್ಳೆ, ಉಣುಗುಗಳನ್ನು ದೂರವಿಡಲು ಮೈಗೆ ಹಚ್ಚುವ ಡೀಟ್ ಮುಲಾಮು ಕೂಡ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಗಡಿಯಾರದ ಅಕ್ರಿಲಿಕ್ ಮುಖದ ಮೇಲೆ ಅವರದೇ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಉಳಿದುಬಿಟ್ಟಿತ್ತು. ಅದನ್ನು ನೋಡಿದ ಮೇಲೆ ನಾನು ಮುಲಾಮು ಹಚ್ಚುವ ಮೊದಲು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ.

ಎರಡನೆಯ ಗಡಿಯಾರ ಒಳಗೆ ಮಂಜು ಕಟ್ಟಿ ಸತ್ತಿತು. ಅದರ ಬೆನ್ನ ಮೇಲೆ 50 ಮೀಟರ್ ಎಂದು ಕೊರೆದಿತ್ತು, ನಾನು ಇಳಿದದ್ದು ಒಂದು ಮೀಟರ್ ನೀರಿಗೆ. ನೀರಿನಲ್ಲಿ ಕೈ ಬೀಸಿದರೆ ಒತ್ತಡ ಹಲವು ಪಟ್ಟು ಏರುತ್ತದೆ, ಆದ್ದರಿಂದಲೇ 50 ಮೀಟರಿನ ಗಡಿಯಾರವನ್ನು ನಂಬಬಾರದು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಹರಿವಿನ ಲೆಕ್ಕ ಮಾಡಿ ಬದುಕುವವನಾದ್ದರಿಂದ ಇದನ್ನು ಪರೀಕ್ಷಿಸದೆ ಬಿಡಲಾಗಲಿಲ್ಲ. ಕೈಯನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದರೂ, ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದಾಗ ಸಿಗುವ ಹೆಚ್ಚುವರಿ ಒತ್ತಡ ಸುಮಾರು 1.3 ಮೀಟರ್ ನೀರಿನ ಎತ್ತರಕ್ಕೆ ಸಮ, ಅಷ್ಟೇ. ಅಷ್ಟಕ್ಕೆ ಸೋರುವ ಗಡಿಯಾರ ಮೊದಲೇ ಸೋರುತ್ತಿತ್ತು ಎಂದರ್ಥ.

ನಿಜವಾದ ಕಾರಣ ಗ್ಯಾಸ್ಕೆಟ್. ಕೆಲವು ತಿಂಗಳ ಹಿಂದೆ ಸೆಲ್ಲು ಬದಲಿಸಿದಾಗ ಹಿಂಬದಿಯ ಮುಚ್ಚಳದ ರಬ್ಬರ್ ಬಳೆಯನ್ನು ಬದಲಿಸದೆ, ಒಣಗಿ ಚಪ್ಪಟೆಯಾಗಿದ್ದ ಅದನ್ನೇ ಮತ್ತೆ ಕೂರಿಸಿದ್ದರು. ಇದರ ಜೊತೆಗೆ ಬಿಸಿಲಿಗೆ ಕಾದ ಗಡಿಯಾರವನ್ನು ತಣ್ಣೀರಿಗೆ ಮುಳುಗಿಸುವ ನನ್ನ ದಿನಚರಿಯೂ ಸೇರಿಕೊಂಡಿತ್ತು. ಕವಚದೊಳಗಿನ ಗಾಳಿ 45 ಡಿಗ್ರಿಯಿಂದ 20 ಡಿಗ್ರಿಗೆ ತಣಿದರೆ ಅದರ ಒತ್ತಡ ಶೇ 8ರಷ್ಟು ಕುಸಿಯುತ್ತದೆ. ಅದು ಸುಮಾರು 80 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ, ಒಳಮುಖವಾದ ಸೆಳೆತ. ಗ್ಯಾಸ್ಕೆಟ್ ಗಟ್ಟಿಯಿದ್ದರೆ ಇದು ಲೆಕ್ಕಕ್ಕಿಲ್ಲ, ಸಡಿಲವಿದ್ದರೆ ಪ್ರತಿ ಮುಳುಗಿಗೂ ಒಂದಿಷ್ಟು ತೇವ ಒಳಗೆ ಹೋಗುತ್ತದೆ. ಅಂದಿನಿಂದ ಪ್ರತಿ ಋತುವಿನ ಆರಂಭದಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತೇನೆ. ಗಡಿಯಾರವನ್ನು 40 ಡಿಗ್ರಿಯ ಆಸುಪಾಸಿಗೆ ಬೆಚ್ಚಗಾಗಿಸಿ, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು, ನಿಮಿಷದ ನಂತರ ಒರೆಸಿ ನೋಡುತ್ತೇನೆ. ಗಾಜಿನ ಒಳಮೈಯಲ್ಲಿ ಮಸುಕು ನಿಂತಿದ್ದರೆ ತೇವ ಈಗಾಗಲೇ ಒಳಗಿದೆ. ನೀರು ತಡೆಯುವ ಗಡಿಯಾರಗಳ ಐಎಸ್‌ಒ 22810 ಮಾನದಂಡದಲ್ಲೂ ಇದೇ ತತ್ವದ ಪರೀಕ್ಷೆಯಿದೆ. ಮುಳುಗುಗಾರರ ಗಡಿಯಾರಗಳ ಐಎಸ್‌ಒ 6425 ಇನ್ನೂ ಕಟ್ಟುನಿಟ್ಟಿನದು: ಮಾದರಿಗೆಂದು ಕೆಲವನ್ನು ಆಯ್ದು ಪರೀಕ್ಷಿಸಿದರೆ ಸಾಲದು, ಪ್ರತಿಯೊಂದು ಗಡಿಯಾರವನ್ನೂ ನಮೂದಿಸಿದ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡಕ್ಕೆ ಒಡ್ಡಬೇಕು. ನಾನು 200 ಮೀಟರ್ ಎಂದು ನಮೂದಿಸಿದ ಗಡಿಯಾರ ಕೊಂಡದ್ದು ಅಷ್ಟು ಆಳಕ್ಕೆ ಇಳಿಯಲು ಖಂಡಿತ ಅಲ್ಲ. ಗ್ಯಾಸ್ಕೆಟ್ ಅರ್ಧ ಮುಪ್ಪಾದ ಮೇಲೂ ಸೊಂಟದ ನೀರನ್ನು ತಡೆಯುವಷ್ಟು ಮಿಗುತಾಯ ಇರಲಿ ಎಂದು.

ಮೂರನೆಯದು ಜಿಪಿಎಸ್, ವಾಯುಭಾರಮಾಪಕ, ದಿಕ್ಸೂಚಿ ಎಲ್ಲವೂ ಇದ್ದ ಗಡಿಯಾರ. ಅದನ್ನು ದೂರಲು ನನಗೆ ಮನಸ್ಸಿಲ್ಲ, ದಾರಿ ದಾಖಲಿಸುವುದರಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಆದರೆ ಏಳು ದಿನದ ಶಿಬಿರದಲ್ಲಿ ಜಿಪಿಎಸ್ ಚಾಲೂ ಇಟ್ಟರೆ ಎರಡನೆಯ ದಿನವೇ ಚಾರ್ಜು ಮಾಡುವ ಚಿಂತೆ ಶುರುವಾಗುತ್ತಿತ್ತು. ಐದನೆಯ ದಿನ ನಡು ಹೊಳೆಯಲ್ಲಿ ಅದು ಕಪ್ಪಾದಾಗ, ನಾನು ಒಂದು, ಎರಡು ಎಂದು ಬಾಯಲ್ಲಿ ಎಣಿಸಿ ಅಳತೆ ಮುಗಿಸಬೇಕಾಯಿತು. ಅದರ ಎತ್ತರ ಸೂಚಕವೂ ಒಮ್ಮೆ ನಗೆ ತರಿಸಿತು: ರಾತ್ರಿ ಬಿರುಗಾಳಿಯ ಮುನ್ನ ವಾಯುಭಾರ 5 ಹೆಕ್ಟೋಪಾಸ್ಕಲ್ ಇಳಿದಿತ್ತು, ಬೆಳಿಗ್ಗೆ ನೋಡಿದರೆ ಮಲಗಿದ್ದಲ್ಲೇ ನಾನು 40 ಮೀಟರ್ ಮೇಲೇರಿದ್ದೆ. ತಗ್ಗು ಪ್ರದೇಶಗಳಲ್ಲಿ ಒಂದು ಹೆಕ್ಟೋಪಾಸ್ಕಲ್ ವ್ಯತ್ಯಾಸ ಸುಮಾರು 8 ಮೀಟರ್ ಎತ್ತರಕ್ಕೆ ಸಮವಾದ್ದರಿಂದ, ಎತ್ತರ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ಸರಿಪಡಿಸಿಕೊಳ್ಳದಿದ್ದರೆ ಆ ಅಂಕಿ ಹವಾಮಾನವನ್ನೇ ಎತ್ತರವೆಂದು ಹೇಳುತ್ತದೆ. ತಾಪಮಾಪಕದ್ದಂತೂ ನನ್ನ ಮಣಿಕಟ್ಟಿನ ಬಿಸಿಯ ವರದಿ. ದಿಕ್ಕು, ಎತ್ತರಗಳಿಗೆ ಬೇರೆ ಸಾಧನವಿರಲಿ, ಗಡಿಯಾರ ಗಡಿಯಾರವಾಗಿರಲಿ ಎಂದು ಅಂದು ತೀರ್ಮಾನಿಸಿದೆ.

ಹೊಡೆತ ತಾಳುವ ಶಕ್ತಿಯ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಐಎಸ್‌ಒ 1413 ಕೇಳುವುದು ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬಿದ್ದಷ್ಟು ಹೊಡೆತವನ್ನು ಮಾತ್ರ. ಕ್ಯಾಸಿಯೊ ಸಂಸ್ಥೆಯ ಕಿಕುವೊ ಇಬೆ ಇದಕ್ಕಿಂತ ಬಹಳ ಮುಂದೆ ಹೋಗಿ, 10 ಮೀಟರ್ ಎತ್ತರದಿಂದ ಬೀಳಿಸಿದರೂ ಉಳಿಯಬೇಕು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಸೆಲ್ಲು 10 ವರ್ಷ ಬರಬೇಕು ಎಂಬ ಗುರಿಯಿಟ್ಟುಕೊಂಡು, ಇನ್ನೂರರಷ್ಟು ಮಾದರಿಗಳನ್ನು ಮಾಡಿ ಒಡೆದು, 1983ರಲ್ಲಿ ಮೊದಲ ಜಿ-ಶಾಕ್ ಗಡಿಯಾರವನ್ನು ಹೊರತಂದರು. ಪುಟಿಯುವ ಚೆಂಡಿನ ನಡುಭಾಗಕ್ಕೆ ಪೆಟ್ಟು ತಾಗುವುದಿಲ್ಲ ಎಂಬುದನ್ನು ಕಂಡು, ಒಳಗಿನ ಯಂತ್ರವನ್ನು ಕೆಲವೇ ಬಿಂದುಗಳಲ್ಲಿ ತಾಗಿಸಿ ತೂಗುಬಿಟ್ಟದ್ದು ಅವರ ಉಪಾಯ. ಅಂಥ ರಚನೆಯ ಯಾವ ಗಡಿಯಾರವಾದರೂ ನನ್ನ ಬಂಡೆಗಳಿಗೆ ಸಾಕು. ಪೆಟ್ಟಿಗೆಯ ಮೇಲೆ ಮಿಲ್-ಎಸ್‌ಟಿಡಿ-810 ಎಂದು ಅಚ್ಚಾಗಿದ್ದರೆ ಮಾತ್ರ ತುಸು ನಿಲ್ಲಬೇಕು. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ. ಅವುಗಳಲ್ಲಿ ಯಾವುದನ್ನು, ಎಷ್ಟು ಕಠಿಣವಾಗಿ ಮಾಡಬೇಕೆಂಬುದನ್ನು ತಯಾರಕರೇ ಆರಿಸಿಕೊಳ್ಳಬಹುದು, ಇಲಾಖೆ ಗಡಿಯಾರಗಳಿಗೆ ಪ್ರಮಾಣಪತ್ರ ಕೊಡುವುದಿಲ್ಲ. ಯಾವ ಪರೀಕ್ಷೆ ಎಂದು ಹೇಳದ ಮುದ್ರೆಯನ್ನು ನಾನು ಅಲಂಕಾರವೆಂದೇ ಎಣಿಸುತ್ತೇನೆ.

ಗಾಜಿನ ಆಯ್ಕೆ ಮರಳಿನಿಂದ ನಿರ್ಧಾರವಾಯಿತು. ಮೋಸ್ ಗಡಸುತನದ ಅಳತೆಯಲ್ಲಿ ಮರಳಿನ ಬೆಣಚುಕಲ್ಲು 7, ಸಾಮಾನ್ಯ ಖನಿಜ ಗಾಜು 5ರಿಂದ 6, ನೀಲಮಣಿ ಗಾಜು 9. ನೀಲಮಣಿಗೆ ಮರಳು ಗೀರು ಹಾಕಲಾರದು, ಆದರೆ ಬಂಡೆಯ ಚೂಪಿಗೆ ಬಡಿದರೆ ಅದು ಸೀಳಬಹುದು. ಸುತ್ತಲಿನ ಅಂಚು ಗಾಜಿಗಿಂತ ಒಂದೆರಡು ಮಿಲಿಮೀಟರ್ ಎತ್ತರವಿರುವ, ಖನಿಜ ಗಾಜಿನ ಗಡಿಯಾರವನ್ನು ಆರಿಸಿಕೊಂಡೆ; ಗೀರುಗಳು ಬಿದ್ದಿವೆ, ಓದಲು ತೊಂದರೆಯಾಗಿಲ್ಲ.

ಓದುವುದು ಅಂದೆನಲ್ಲ, ಬಹುಶಃ ಇದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಪರೀಕ್ಷಿಸಿದ್ದು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ಅಂಕಿಗಳು ಕಾಣುವ ಡಿಜಿಟಲ್ ಮುಖ ಪೆಟ್ಟಿಗೆಯಲ್ಲಿ ಬಲು ಸೊಗಸು. ಮುಸ್ಸಂಜೆಯಲ್ಲಿ ಅದನ್ನು ಓದಲು ಮಣಿಕಟ್ಟನ್ನು ನಾಲ್ಕು ಬಾರಿ ತಿರುಗಿಸಬೇಕು. ತಿಳಿ ಹಿನ್ನೆಲೆಯ ಕಪ್ಪು ಅಂಕಿಗಳೇ ನನಗೆ ಸರಿ. ನೀರಿನ ಮೇಲಿನ ಪ್ರತಿಫಲನ ತಡೆಯಲು ನಾವು ಪೋಲರೈಸ್ಡ್ ಕನ್ನಡಕ ಹಾಕುತ್ತೇವೆ, ಡಿಜಿಟಲ್ ಪರದೆಯಲ್ಲೂ ಅಂಥದೇ ಪದರವಿರುವುದರಿಂದ ಕೆಲವು ಗಡಿಯಾರಗಳು ಕೈಯನ್ನು ಸಹಜವಾಗಿ ಎತ್ತಿ ಹಿಡಿದ ಕೋನದಲ್ಲೇ ಪೂರ್ತಿ ಕಪ್ಪಾಗಿ ಕಾಣುತ್ತವೆ. ಆದ್ದರಿಂದ ಕೊಳ್ಳುವಾಗ ಆ ಕನ್ನಡಕವನ್ನೇ ಹಾಕಿಕೊಂಡು ಹೋದೆ. ನಿಲ್ಲು-ಓಡು ಗುಂಡಿಯನ್ನು ದಪ್ಪ ಕೈಗವಸಿನಿಂದ ನೋಡದೆಯೇ ಒತ್ತಲು ಬರುತ್ತದೆಯೇ, ಮಣಿಕಟ್ಟು ಮಡಿಸಿದಾಗ ತನ್ನಷ್ಟಕ್ಕೆ ಒತ್ತಿಹೋಗುವುದಿಲ್ಲವೇ ಎಂಬುದನ್ನೂ ಅಲ್ಲೇ ನೋಡಿದೆ. ಮುಳ್ಳುಗಳ ಗಡಿಯಾರವನ್ನು ಒಂದು ನೋಟದಲ್ಲಿ ಗ್ರಹಿಸಬಹುದು ನಿಜ, ಆದರೆ ತೇಲು ಗೂಟ ದಾಟಿದ ಕ್ಷಣವನ್ನು ಹಿಡಿಯಲು ಅಂಕಿಗಳೇ ಬೇಕು.

ಕೀಲಿ ಕೊಡುವ ಗಡಿಯಾರಗಳ ಮೇಲೆ ನನಗೆ ಪ್ರೀತಿಯಿದೆ, ಅವು ಮನೆಯಲ್ಲಿರುತ್ತವೆ. ಕ್ರೋನೋಮೀಟರ್ ಎನಿಸಿಕೊಳ್ಳುವ ಯಾಂತ್ರಿಕ ಗಡಿಯಾರಕ್ಕೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗುವ ಅವಕಾಶವಿದೆ. ಸಾಧಾರಣ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ 15 ಸೆಕೆಂಡಿನೊಳಗೆ ನಿಲ್ಲುತ್ತದೆ. ನೀರಿನ ಮಟ್ಟ ದಾಖಲಿಸುವ ಲಾಗರ್‌ನ ಸಮಯದೊಂದಿಗೆ ನನ್ನ ಟಿಪ್ಪಣಿಯ ಸಮಯ ತಾಳೆಯಾಗಬೇಕಾದ್ದರಿಂದ, ಹೊಸ ಗಡಿಯಾರವನ್ನು ಕೆಲಸಕ್ಕೆ ಹಚ್ಚುವ ಮೊದಲು 30 ದಿನ ದಿನವೂ ಒಂದೇ ಹೊತ್ತಿಗೆ ಜಿಪಿಎಸ್ ಸಾಧನ ತೋರುವ ಸಮಯದೊಂದಿಗೆ ಹೋಲಿಸಿ ಬರೆದಿಟ್ಟೆ. ಕೈಯಲ್ಲಿದ್ದಾಗ ಅದು ತಿಂಗಳಿಗೆ 6 ಸೆಕೆಂಡು ಮುಂದೆ ಹೋಗುತ್ತದೆ. ಚಳಿಯ ಶಿಬಿರದಲ್ಲಿ ರಾತ್ರಿಯೆಲ್ಲ ಹೊರಗಿಟ್ಟರೆ ಆ ಮುನ್ನಡೆ ಕರಗುತ್ತದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಅದರ ಹರಳು 25 ಡಿಗ್ರಿಯ ಸುತ್ತ ಅತಿ ವೇಗವಾಗಿ ನಡೆಯುತ್ತದೆ, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. 5 ಡಿಗ್ರಿಯಲ್ಲೇ ದಿನವಿಡೀ ಇಟ್ಟರೆ ಸುಮಾರು ಒಂದು ಸೆಕೆಂಡು ಹಿಂದೆ ಬೀಳುತ್ತದೆ. ಹಾಗಾಗಿ ಮಲಗುವಾಗಲೂ ಗಡಿಯಾರ ಕೈಯಲ್ಲೇ ಇರುತ್ತದೆ.

ಸೆಲ್ಲಿನ ಬದಲು ಬಿಸಿಲಿನಿಂದ ಚಾರ್ಜಾಗುವುದನ್ನು ಆರಿಸಿದ್ದಕ್ಕೆ ಒಂದೇ ಕಾರಣ: ಮುಚ್ಚಳ ತೆರೆಯುವ ಸಂದರ್ಭಗಳು ಕಡಿಮೆಯಾದಷ್ಟೂ ಗ್ಯಾಸ್ಕೆಟ್ ನೆಮ್ಮದಿಯಾಗಿರುತ್ತದೆ. ಮಳೆಗಾಲದಲ್ಲಿ ಉದ್ದ ತೋಳಿನ ಅಂಗಿಯೊಳಗೆ ದಿನಗಟ್ಟಲೆ ಅಡಗಿ ಕುಳಿತು ಅದರ ಚಾರ್ಜು ಒಮ್ಮೆ ಮಧ್ಯಮಕ್ಕೆ ಇಳಿದಿತ್ತು, ಆಗಿನಿಂದ ಮಳೆಯಂಗಿಯ ತೋಳಿನ ಮೇಲೆಯೇ ಕಟ್ಟುತ್ತೇನೆ. ನೈಲಾನ್ ಪಟ್ಟಿ ಉದ್ದವಿರುವುದರಿಂದ ಅದಕ್ಕೆ ಅಡ್ಡಿಯಿಲ್ಲ. ಆರು ವರ್ಷಗಳಲ್ಲಿ ಮೂರು ಪಟ್ಟಿ, ನಾಲ್ಕು ಕಂಬಿ ಬದಲಾಗಿವೆ. ಎರಡು ಹೆಚ್ಚುವರಿ ಕಂಬಿಗಳನ್ನು ಅಂಟುಪಟ್ಟಿಯಿಂದ ಟಿಪ್ಪಣಿ ಪುಸ್ತಕದ ಹಿಂಬದಿಯ ರಟ್ಟಿಗೆ ಅಂಟಿಸಿಟ್ಟಿದ್ದೇನೆ.