ಅಪ್ಪನ ಫೋನೂ 1909 ನಂಬರೂ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಪ್ಪನದ್ದು ಬಟನ್ ಫೋನು. ಫೋನು ಜಗಲಿಯಲ್ಲಿ, ಅಪ್ಪ ತೋಟದಲ್ಲಿ. ರಿಂಗಾದರೆ ಅಡಿಕೆ ಕೊಯ್ಯುವವನೇ ಇರಬೇಕೆಂದು ಕತ್ತಿ ಕೆಳಗಿಟ್ಟು ಓಡಿ ಬರುತ್ತಾರೆ. ನೋಡಿದರೆ ಹಿಂದಿಯಲ್ಲೋ ಮಲಯಾಳದಲ್ಲೋ ಚಿನ್ನದ ಸಾಲ ಬೇಕಾ ಅಂತ ಕೇಳುವವರು. ಪಕ್ಕನೆ ಫೋನಿಡಲು ಅಪ್ಪನಿಗೆ ಸಂಕೋಚ. ಒಮ್ಮೆ ಒಬ್ಬಳು ಹುಡುಗಿಗೆ ಮಹಾಳಿ ರೋಗದಿಂದ ಉದುರಿದ ಅಡಿಕೆಯ ಲೆಕ್ಕವನ್ನೆಲ್ಲ ಹೇಳಿದರು. ಕೊನೆಗೆ ಅವಳೇ ಫೋನಿಟ್ಟಳು.

ಗೊತ್ತಿಲ್ಲದ ನಂಬರನ್ನೆಲ್ಲ ಬ್ಲಾಕ್ ಮಾಡುವ ಹಾಗಿಲ್ಲ. ಕೊಯ್ಯುವವನ ನಂಬರು ವರ್ಷಕ್ಕೊಂದು. ಮಂಗಳೂರಿನ ಆಸ್ಪತ್ರೆಯಿಂದಲೂ ಕರೆ ಬರುತ್ತದೆ.

ಜಾಹೀರಾತು ಕರೆ ಬೇಡ ಎನ್ನುವವರ ಪಟ್ಟಿಗೆ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಎನ್ನುತ್ತಾರೆ. ಅದಕ್ಕೆ ಸೇರಲು ಮೊದಲು ಅಪ್ಪನ ಫೋನಿನಿಂದಲೇ 1909ಕ್ಕೆ ಮೆಸೇಜ್ ಕಳಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’, ಒಂದು ಜಾಗ ಬಿಟ್ಟು ಸೊನ್ನೆ. ಅಷ್ಟೇ. ಸೊನ್ನೆ ಎಂದರೆ ಜಾಹೀರಾತು ಯಾವುದೂ ಬೇಡ ಎಂದು. ಸಾಲ, ಜಾಗ, ಶಿಕ್ಷಣ ಅಂತ ಬೇರೆ ಬೇರೆ ವಿಭಾಗವನ್ನೂ ಆರಿಸಬಹುದು, ನನಗೆ ಅಷ್ಟು ತಾಳ್ಮೆ ಇರಲಿಲ್ಲ. 1909ಕ್ಕೆ ಫೋನ್ ಮಾಡಿಯೂ ಹೇಳಬಹುದು.

140ರಿಂದ ಶುರುವಾಗುವ ಕರೆಗಳು ಬೇಗ ಕಡಿಮೆಯಾದವು. ಅವು ನೋಂದಾಯಿತ ಕಂಪನಿಗಳ ಜಾಹೀರಾತು ಕರೆಗಳು. ಮಾಮೂಲಿ ಹತ್ತಂಕಿಯ ನಂಬರಿನಿಂದ ಬರುವವು ಮಾತ್ರ ನಿಲ್ಲಲಿಲ್ಲ. ಸಾದಾ ಸಿಮ್ ಹಾಕಿಕೊಂಡು ಕರೆ ಮಾಡುವವರು ಯಾವ ಪಟ್ಟಿಯನ್ನು ನೋಡಿಯಾರು, ಅಲ್ವಾ? ಅದಕ್ಕೆ ದೂರು ಕೊಡುವುದೇ ದಾರಿ. 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮ ಬದಲಿಸಿತು: ಮುಂಚೆ 3 ದಿನದೊಳಗೆ ದೂರು ಕೊಡಬೇಕಿತ್ತು, ಈಗ 7 ದಿನ ಸಮಯವಿದೆ. ಹತ್ತು ದಿನದಲ್ಲಿ ಐದು ದೂರು ಬಂದರೆ ಆ ನಂಬರಿನ ಮೇಲೆ ಕ್ರಮಕ್ಕೆ ಸಾಕು. ನಮ್ಮ ಒಂದು ದೂರೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಅಪ್ಪ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಕರೆ ಬಂದ ತಾರೀಕಿನ ಚೌಕದೊಳಗೇ ಪೆನ್ಸಿಲಿನಿಂದ ನಂಬರು ಬರೆದಿಡತೊಡಗಿದರು. ಶನಿವಾರ ಸಂಜೆ ನಾನು ಕೂತು, ಅವರದೇ ಫೋನಿನಿಂದ ನಂಬರು, ತಾರೀಕು, ಏನು ಮಾರಲು ಬಂದರು ಎಂದು 1909ಕ್ಕೆ ಕಳಿಸುವುದು. ಸ್ಮಾರ್ಟ್‌ಫೋನ್ ಇದ್ದವರಿಗೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಸುಲಭ. ಕೆವೈಸಿ, ಓಟಿಪಿ ಎಂದು ಹೆದರಿಸುವ ಮೋಸದ ಕರೆಯಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ಹೇಳಬೇಕು.

ಒಂದು ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಎರಡು ವರ್ಷದ ಹಿಂದೆ ಬಟ್ಟೆ ಅಂಗಡಿಯೊಂದರಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿಸಿದ್ದೆ. ನನ್ನ ನಂಬರು ಕೊಟ್ಟರೆ ಸುಮ್ನೆ ಕಿರಿಕಿರಿ ಎಂದು ಅಪ್ಪನದ್ದು ಬರೆದೆ. ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ‘ಕರೆ ಮಾಡಲು ಒಪ್ಪಿಗೆಯಿದೆ’ ಎಂದಿತ್ತು. ಹಾಗೆ ಕೊಟ್ಟ ಒಪ್ಪಿಗೆ ನಿಯಮದಂತೆ ದಾಖಲಾಗಿದ್ದರೆ ಡಿಎನ್‌ಡಿಯೂ ಅಡ್ಡ ಬರುವುದಿಲ್ಲ. ಆ ಅಂಗಡಿಗೆ ಹೋಗಿ ನಂಬರು ತೆಗೆಸಿ ಬಂದೆ.

ಈ ತಿಂಗಳ ಹಾಳೆಯಲ್ಲಿ ಮೂರೇ ನಂಬರು. ಮೂರನೆಯದಕ್ಕೂ ದೂರು ಟೈಪ್ ಮಾಡಿಯಾಗಿತ್ತು. ಅಷ್ಟರಲ್ಲಿ ಅಪ್ಪ ಒಳಗಿನಿಂದ ಕೂಗಿದರು, ‘ಅದು ಅಡಿಕೆ ವ್ಯಾಪಾರಿಯದ್ದು ಮಾರಾಯ!’