ಶಿರೋವ್ ಬಿಟ್ಟುಕೊಟ್ಟ ಬಿಷಪ್: ನಿಮ್ಮ ಚೆಸ್ ಎಂಜಿನ್ ಕಂಡುಹಿಡಿಯುತ್ತದೆಯೇ?

ಸ್ಪೇನ್‌ನ ಲಿನಾರೆಸ್ ಟೂರ್ನಿ, 1998. ಬಿಳಿ ಕಾಯಿ ವೆಸೆಲಿನ್ ಟೊಪಲೋವ್, ಕಪ್ಪು ಅಲೆಕ್ಸಿ ಶಿರೋವ್. 47ನೇ ನಡೆಯಲ್ಲಿ ಶಿರೋವ್ ತಮ್ಮ ಬಿಷಪ್ಪನ್ನು ಪುಕ್ಕಟೆಯಾಗಿ ಎಚ್3ಕ್ಕೆ ಒಯ್ದಿಟ್ಟರು. ಎಂಜಿನ್‌ಗಳನ್ನು (ಚೆಸ್ ನಡೆ ಲೆಕ್ಕ ಹಾಕುವ ತಂತ್ರಾಂಶಗಳನ್ನು) ಒರೆಗೆ ಹಚ್ಚಲು ಇದಕ್ಕಿಂತ ಸೊಗಸಾದ ಸ್ಥಿತಿ ಅಪರೂಪ.

ಮೊದಲು ಬೋರ್ಡ್ ಜೋಡಿಸಿ. ಬಿಳಿ: ರಾಜ ಜಿ1, ಬಿಷಪ್ ಸಿ3, ಕಾಲಾಳು ಜಿ2, ಎಚ್4. ಕಪ್ಪು: ರಾಜ ಇ6, ಬಿಷಪ್ ಎಫ್5, ಕಾಲಾಳು ಎ4, ಡಿ5, ಎಫ್6, ಜಿ6. ನಡೆ ಕಪ್ಪಿನದು. ಹೆಚ್ಚಿನವರು ಎಡವುವುದು ಇಲ್ಲೇ: ಕೈಯಾರೆ ಜೋಡಿಸಿದಾಗ ಬಹುತೇಕ ತಂತ್ರಾಂಶಗಳು ಬಿಳಿಯ ಸರದಿ ಎಂದೇ ಇಟ್ಟುಕೊಳ್ಳುತ್ತವೆ.

ನಡೆಯ ಗುಟ್ಟು ತಿಳಿದಿದ್ದರೆ ಎಂಜಿನ್ ಕೊಡುವ ಉತ್ತರವನ್ನು ಅಳೆಯಬಹುದು. ಬಿಳಿ ರಾಜ ಇ3 ತಲುಪಿದರೆ ಕಪ್ಪಿನ ದಾರಿ ಬಂದ್. ಅದಕ್ಕೆ ಮುಂಚೆ ಕಪ್ಪು ರಾಜ ಇ4ಕ್ಕೆ ಬರಬೇಕು. ಆದರೆ ಎಫ್5ರಲ್ಲಿ ಸ್ವಂತ ಬಿಷಪ್ಪೇ ಅಡ್ಡ ನಿಂತಿದೆ. ಅದು ಎಚ್3ಕ್ಕೆ ಹಾರಿದರೆ ಜಿ2 ಕಾಲಾಳಿಗೆ ಕುತ್ತು, ಬಿಳಿಗೆ ಪುರುಸೊತ್ತಿಲ್ಲ. ಆಟದಲ್ಲಿ ಟೊಪಲೋವ್ ಬಿಷಪ್ಪನ್ನು ಹೊಡೆದರು. ಕಪ್ಪು ರಾಜ ಎಫ್5, ಇ4 ಸೇರಿತು. ಎಫ್6 ಕಾಲಾಳು ಹೋದರೂ ಎ ಮತ್ತು ಡಿ ಸಾಲಿನ ಕಾಲಾಳುಗಳನ್ನು ಒಂಟಿ ಬಿಷಪ್ ತಡೆಯಲಾಗಲಿಲ್ಲ. 53ನೇ ನಡೆಯ ಬಳಿಕ ಶರಣಾಗತಿ.

ಈಗ ಸೆಟ್ಟಿಂಗ್. ಥ್ರೆಡ್ (ಏಕಕಾಲಕ್ಕೆ ನಡೆಯುವ ಶೋಧಗಳ ಸಂಖ್ಯೆ) 1 ಇರಲಿ. ಹೆಚ್ಚಿಸಿದರೆ ಒಂದೊಂದು ಸಲ ಒಂದೊಂದು ಫಲಿತಾಂಶ. ಹ್ಯಾಶ್, ಅಂದರೆ ಎಂಜಿನ್ ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ ಜಾಗ, 256 ಎಂಬಿ ಸಾಕು. ಮಲ್ಟಿಪಿವಿ (ಎಂಜಿನ್ ಒಟ್ಟಿಗೆ ತೋರಿಸುವ ಉತ್ತಮ ನಡೆಗಳ ಸಂಖ್ಯೆ) ಕಡ್ಡಾಯವಾಗಿ 1: ಅದನ್ನು 4 ಮಾಡಿದರೆ ಎಂಜಿನ್ ತನ್ನ ಪಟ್ಟಿಯಲ್ಲಿ ಹಿಂದಿರುವ ನಡೆಗಳನ್ನೂ ಪೂರ್ತಿ ಶೋಧಿಸುವುದರಿಂದ ಉತ್ತರ ಅಕಾಲಿಕವಾಗಿ ಸಿಕ್ಕಿಬಿಡುತ್ತದೆ. ಟೇಬಲ್‌ಬೇಸ್ (ಕೆಲವೇ ಕಾಯಿ ಉಳಿದ ಸ್ಥಿತಿಗಳ ಸಿದ್ಧ ಉತ್ತರಗಳ ಕಡತ) ಮತ್ತು ಬುಕ್ (ಆರಂಭದ ನಡೆಗಳ ಕಡತ) ಆಫ್. ಪ್ರತಿ ಓಟಕ್ಕೂ ಮುನ್ನ ಹ್ಯಾಶ್ ಖಾಲಿ ಮಾಡಿ. ನಡೆಯನ್ನು ಒಮ್ಮೆ ಆಡಿ ಹಿಂದಕ್ಕೆ ಬಂದರೂ ಪರೀಕ್ಷೆ ಕೆಟ್ಟಂತೆಯೇ.

ಪ್ರತಿ ಎಂಜಿನ್‌ಗೂ ಒಂದೇ ಕಂಪ್ಯೂಟರ್‌ನಲ್ಲಿ 300 ಸೆಕೆಂಡ್ ಕೊಡಿ. ಎಚ್3 ಮೊದಲು ಕಾಣಿಸಿದ ಹೊತ್ತನ್ನಲ್ಲ, ಕೊನೆಯ ಸಲ ಬಂದು ಅಲ್ಲೇ ನೆಲೆಯೂರಿದ ಹೊತ್ತನ್ನು ಬರೆದುಕೊಳ್ಳಿ. ಡೆಪ್ತ್ (ಎಷ್ಟು ನಡೆ ಮುಂದಕ್ಕೆ ನೋಡಿದೆ ಎಂಬ ಲೆಕ್ಕ) ಹೋಲಿಸಬೇಡಿ, ಪ್ರತಿ ಎಂಜಿನ್ ಅದನ್ನು ತನ್ನದೇ ಲೆಕ್ಕದಲ್ಲಿ ಎಣಿಸುತ್ತದೆ. ಎಂಜಿನ್ ಸ್ಥಿತಿಗೆ ಕೊಡುವ ಅಂಕದ ಚಿಹ್ನೆಯನ್ನೂ ಗಮನಿಸಿ: ಕೆಲವು ತಂತ್ರಾಂಶಗಳು ಬಿಳಿಯ ಕಡೆಯಿಂದ ತೋರಿಸುವುದರಿಂದ ಕಪ್ಪಿಗೆ ಒಳ್ಳೆಯದು ಮೈನಸ್ ಆಗಿರುತ್ತದೆ.

ನಡೆ ಸಿಗದಿದ್ದರೆ ಕಾರಣ ಊಹಿಸಬಹುದು. ಅದು ಹೊಡೆತವೂ ಅಲ್ಲ, ಚೆಕ್ಕೂ ಅಲ್ಲ. ಹಾಗಾಗಿ ಎಂಜಿನ್ ಪರಿಶೀಲಿಸುವ ನಡೆಗಳ ಪಟ್ಟಿಯ ಕೊನೆಗೆ ಹೋಗಿ ಕಡಿಮೆ ಆಳದ ಶೋಧವಷ್ಟೇ ಅದರ ಪಾಲಿಗೆ. ಮೇಲಾಗಿ ಬಿಷಪ್‌ಗಳು ಬೇರೆ ಬಣ್ಣದ ಚೌಕದವು, ಕಪ್ಪಿಗೆ ಎರಡು ಕಾಲಾಳು ಹೆಚ್ಚು. ಡ್ರಾ ಆಗುವ ನಡೆಗೂ ಒಳ್ಳೆಯ ಅಂಕ ಸಿಗುವುದರಿಂದ ಎಂಜಿನ್ ಹುಡುಕಾಡುವ ಗೋಜಿಗೆ ಹೋಗುವುದಿಲ್ಲ. ಸ್ಟಾಕ್‌ಫಿಶ್ ಎಂಬ ಎಂಜಿನ್‌ನ 11 ಮತ್ತು 12ನೇ ಆವೃತ್ತಿ ಎರಡನ್ನೂ ಓಡಿಸಿ ನೋಡಿ: 2020ರಲ್ಲಿ ಬಂದ 12ರಿಂದಲೇ ಅದಕ್ಕೆ ನ್ಯೂರಲ್ ನೆಟ್‌ವರ್ಕ್ ಮೌಲ್ಯಮಾಪನ ಸೇರಿದ್ದು.

ಕೊನೆಗೊಂದು ಅಡ್ಡಪರೀಕ್ಷೆ. ಬಿಳಿ ರಾಜನನ್ನು ಎಫ್2ಕ್ಕೆ ಸರಿಸಿ ಮತ್ತೆ ಕೇಳಿ. ಈಗ ಎಚ್3 ಆಡಿದರೆ ಬಿಷಪ್ ಸುಮ್ಮನೆ ಹೋಗುತ್ತದೆ, ಏಕೆಂದರೆ ಬಿಳಿ ರಾಜ ಇ3ಕ್ಕೆ ಒಂದೇ ಹೆಜ್ಜೆ. ಆಗಲೂ ಅದೇ ನಡೆ ಸೂಚಿಸಿದ ಎಂಜಿನ್‌ನ ಮೊದಲ ಉತ್ತರಕ್ಕೆ ಅಂಕ ಕೊಡಬೇಡಿ.